ವಿಶ್ವವಿದ್ಯಾಲಯಗಳಲ್ಲಿ ಲೆಕ್ಕಪತ್ರ ತಂತ್ರಾಂಶದ ಅಳವಡಿಕೆ

ವಿಶ್ವವಿದ್ಯಾಲಯಗಳಲ್ಲಿ ಲೆಕ್ಕಪತ್ರ ತಂತ್ರಾಂಶದ ಅಳವಡಿಕೆ ಎಂದರೆ ಉನ್ನತ ಶಿಕ್ಷಣ ಸಂಸ್ಥೆಯೊಂದು ತನ್ನ ಆದಾಯ, ವೆಚ್ಚ, ಆಸ್ತಿ, ಹೊಣೆಗಳ ಲೆಕ್ಕವನ್ನು ಕೈಬರಹದ ವಹಿಗಳಿಂದ ಗಣಕಕ್ಕೆ ತಂದು, ಆ ಗಣಕದ ಲೆಕ್ಕವನ್ನೇ ಅಧಿಕೃತ ಮೂಲ ಲೆಕ್ಕವೆಂದು ಒಪ್ಪಿ ನಡೆಸುವ ಪ್ರಕ್ರಿಯೆ. ತಂತ್ರಾಂಶವನ್ನು ಕೊಂಡ ದಿನಕ್ಕೆ ಈ ಪ್ರಕ್ರಿಯೆ ಮುಗಿಯುವುದಿಲ್ಲ. ನಗದು ಪುಸ್ತಕವನ್ನು ಕೈಯಲ್ಲಿ ಬರೆದು, ತಿಂಗಳ ಕೊನೆಗೆ ಅದನ್ನೇ ನೋಡಿಕೊಂಡು ಗಣಕದಲ್ಲಿ ಮತ್ತೊಮ್ಮೆ ತುಂಬುವ ಕಚೇರಿಯಲ್ಲಿ ತಂತ್ರಾಂಶ ಇದೆ, ಅಳವಡಿಕೆ ಆಗಿಲ್ಲ. ಈ ವ್ಯತ್ಯಾಸಕ್ಕೆ ಕಾರಣವಾಗುವ ಕಾನೂನು, ಹಣ, ಸಿಬ್ಬಂದಿ, ಯಂತ್ರ, ಭಾಷೆಗಳ ಅಂಶಗಳನ್ನು ಪ್ರಸ್ತುತ ಲೇಖನ ಕರ್ನಾಟಕದ ರಾಜ್ಯ ವಿಶ್ವವಿದ್ಯಾಲಯಗಳನ್ನು ಮುಖ್ಯವಾಗಿಟ್ಟುಕೊಂಡು ನಿರೂಪಿಸುತ್ತದೆ. ಹಳೆಯ ಸೋಮವಾರಪೇಟೆ ತಾಲೂಕಿನ ಚಿಕ್ಕ ಅಳುವಾರದಲ್ಲಿರುವ ಕೊಡಗು ವಿಶ್ವವಿದ್ಯಾಲಯದ ಸನ್ನಿವೇಶವನ್ನು ಪ್ರತ್ಯೇಕವಾಗಿ ಕೊಡಲಾಗಿದೆ.

ಪಾರಿಭಾಷಿಕ ಪದಗಳು

ಪ್ರತಿ ವ್ಯವಹಾರವನ್ನೂ ಒಂದು ಖಾತೆಗೆ ಖರ್ಚು, ಇನ್ನೊಂದಕ್ಕೆ ಜಮೆ ಎಂದು ಎರಡು ಕಡೆ ಬರೆಯುವ ಕ್ರಮ ಜೋಡಿ ನಮೂದು. ಹಣ ಕೈಸೇರಿದಾಗ ಅಥವಾ ಕೈಬಿಟ್ಟಾಗ ಮಾತ್ರ ಬರೆಯುವುದು ನಗದು ಪದ್ಧತಿ. ಹಕ್ಕು ಅಥವಾ ಹೊಣೆ ಹುಟ್ಟಿದ ದಿನವೇ ಬರೆಯುವುದು ಸಂಚಯ ಪದ್ಧತಿ. ಯಾವ ಮೊತ್ತ ಯಾವ ಹೆಸರಿನಡಿ ಸೇರಬೇಕೆಂದು ಹೇಳುವ ಅಂಕಿತ ವಿಭಾಗವೇ ಲೆಕ್ಕ ಶೀರ್ಷಿಕೆ. ಖಾತೆಗಳ ಶಿಲ್ಕು ಒಂದಕ್ಕೊಂದು ಕೂಡಿಬರುತ್ತದೆಯೇ ಎಂದು ನೋಡಲು ತಯಾರಿಸುವುದು ತಾಳೆ ಪಟ್ಟಿ. ವರ್ಷಾಂತ್ಯದ ಆಸ್ತಿ–ಹೊಣೆಗಳ ಪಟ್ಟಿ ಅಢಾವೆ ಪತ್ರಿಕೆ. ಒಂದೇ ದತ್ತಸಂಗ್ರಹದ ಮೇಲೆ ಲೆಕ್ಕ, ಸಂಬಳ, ಖರೀದಿ, ಪ್ರವೇಶ, ಪರೀಕ್ಷೆಗಳೆಲ್ಲ ನಡೆಯುವಂಥದ್ದನ್ನು ಇಲ್ಲಿ ಸಮಗ್ರ ತಂತ್ರಾಂಶ ಎಂದು ಕರೆಯಲಾಗಿದೆ.

ಹಿನ್ನೆಲೆ

ಮೈಸೂರು ವಿಶ್ವವಿದ್ಯಾಲಯ 1916ರಲ್ಲಿ, ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ, ಬೆಂಗಳೂರು ವಿಶ್ವವಿದ್ಯಾಲಯ 1964ರಲ್ಲಿ ಆರಂಭವಾದವು. ಕೊಣಾಜೆಯಲ್ಲಿದ್ದ ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ 1980ರಲ್ಲಿ ಮಂಗಳೂರು ವಿಶ್ವವಿದ್ಯಾಲಯವಾಯಿತು. ಕೊಡಗು ಅದರ ವ್ಯಾಪ್ತಿಗೆ ಸೇರಿತು. ಇವುಗಳ ಲೆಕ್ಕಪದ್ಧತಿ ಸರ್ಕಾರಿ ಕಚೇರಿಗಳ ಮಾದರಿಯಲ್ಲೇ ರೂಪುಗೊಂಡಿತು. ಬಿಲ್ಲು, ವೋಚರ್, ಚಲನ್, ನಗದು ಪುಸ್ತಕ, ಮುಂಗಡ ವಹಿ, ಬಜೆಟ್ ನಿಯಂತ್ರಣ ವಹಿ ಇವೇ ಆಧಾರ. ಬಜೆಟ್ಟಿನಲ್ಲಿ ಕೊಟ್ಟ ಹಣ ಮೀರದಂತೆ ನೋಡಿಕೊಳ್ಳುವುದೇ ಅದರ ಮೊದಲ ಉದ್ದೇಶವಾಗಿತ್ತು. ಒಂದು ವಿಭಾಗ ಅಥವಾ ಒಂದು ಕೋರ್ಸು ನಡೆಸಲು ಒಟ್ಟು ಎಷ್ಟು ಖರ್ಚಾಯಿತು ಎಂಬ ಪ್ರಶ್ನೆಗೆ ಆ ವಹಿಗಳಲ್ಲಿ ನೇರ ಉತ್ತರ ಸಿಗುತ್ತಿರಲಿಲ್ಲ.

ಭಾರತದಲ್ಲಿ ಸಣ್ಣ ಗಣಕಗಳ ಮೇಲೆ ಓಡುವ ಲೆಕ್ಕ ತಂತ್ರಾಂಶದ ಚರಿತ್ರೆಗೆ ಬೆಂಗಳೂರು ಕೇಂದ್ರ. ಶ್ಯಾಮ್ ಸುಂದರ್ ಗೋಯೆಂಕಾ ಮತ್ತು ಅವರ ಮಗ ಭರತ್ ಗೋಯೆಂಕಾ 1986ರಲ್ಲಿ ಇಲ್ಲಿ ಆರಂಭಿಸಿದ ಪ್ಯೂಟ್ರಾನಿಕ್ಸ್ ಮುಂದೆ ಟ್ಯಾಲಿ ಸೊಲ್ಯೂಷನ್ಸ್ ಆಯಿತು. ಲೆಕ್ಕ ಬರೆಯುವವರು ಸಂಕೇತ ಸಂಖ್ಯೆಗಳನ್ನು ಬಾಯಿಪಾಠ ಮಾಡದೆ ಖಾತೆಯ ಹೆಸರನ್ನೇ ಹೊಡೆದು ನಮೂದು ಮಾಡಬಹುದಾದದ್ದು ಅದರ ಹರವಿಗೆ ದೊಡ್ಡ ಕಾರಣ. ವರ್ತಕರು, ಲೆಕ್ಕ ಪರಿಶೋಧಕರು, ಕಾಲೇಜುಗಳ ಆಡಳಿತ ಮಂಡಳಿಗಳು ಇದನ್ನು ಬಳಸತೊಡಗಿದ ಮೇಲೆ ಬಿ.ಕಾಂ. ಪಠ್ಯದಲ್ಲೂ ಗಣಕ ಲೆಕ್ಕ ಸೇರಿತು. ಹೀಗಾಗಿ ವಾಣಿಜ್ಯ ವಿಭಾಗದ ಪ್ರಯೋಗಾಲಯದಲ್ಲಿ ವಿದ್ಯಾರ್ಥಿಗಳಿಗೆ ಗಣಕ ಲೆಕ್ಕ ಕಲಿಸುತ್ತ, ಆಡಳಿತ ಭವನದಲ್ಲಿ ಕೈವಹಿ ಬರೆಯುವ ಸಂಸ್ಥೆಗಳೂ ಬಹುಕಾಲ ಇದ್ದವು.

ಸರ್ಕಾರದ ಕಡೆಯಿಂದ ಮೊದಲ ದೊಡ್ಡ ಹೆಜ್ಜೆ ರಾಜ್ಯದ ಖಜಾನೆಗಳನ್ನು ಜಾಲಕ್ಕೆ ಸೇರಿಸಿದ ‘ಖಜಾನೆ’ ಯೋಜನೆ. ಅದು 2002ರಲ್ಲಿ ಆರಂಭವಾಯಿತು. ಬೆಂಗಳೂರು ಮಹಾನಗರಪಾಲಿಕೆ ಅದೇ ಕಾಲಕ್ಕೆ ನಿಧಿ ಆಧಾರಿತ ಜೋಡಿ ನಮೂದು ಲೆಕ್ಕಕ್ಕೆ ಹೊರಳಿತು. ಗ್ರಾಮ ಪಂಚಾಯಿತಿಗಳಿಗೆ ‘ಪಂಚತಂತ್ರ’ ಬಂತು. ಖಜಾನೆ, ನಗರಾಡಳಿತ, ಪಂಚಾಯಿತಿ ಮೂರಕ್ಕೂ ಮೇಲಿನಿಂದ ಏಕರೂಪದ ತಂತ್ರಾಂಶ ದೊರೆತರೆ, ಸ್ವಾಯತ್ತ ಸಂಸ್ಥೆಗಳಾದ ವಿಶ್ವವಿದ್ಯಾಲಯಗಳು ಲೆಕ್ಕದ ಮಟ್ಟಿಗೆ ತಂತಮ್ಮ ದಾರಿ ತಾವೇ ಹುಡುಕಿಕೊಂಡವು.

ವಿಶ್ವವಿದ್ಯಾಲಯದ ಲೆಕ್ಕದ ರಚನೆ

ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮ, 2000ರ ಪ್ರಕಾರ ವಿಶ್ವವಿದ್ಯಾಲಯದ ಹಣದ ಆಡಳಿತ ಹಣಕಾಸು ಅಧಿಕಾರಿ, ಹಣಕಾಸು ಸಮಿತಿ ಮತ್ತು ಸಿಂಡಿಕೇಟಿನ ಮೂಲಕ ನಡೆಯುತ್ತದೆ. ರಾಜ್ಯ ಲೆಕ್ಕಪತ್ರ ಮತ್ತು ಲೆಕ್ಕ ಪರಿಶೋಧನಾ ಇಲಾಖೆ ವರ್ಷದ ಲೆಕ್ಕವನ್ನು ತಪಾಸಣೆ ಮಾಡುತ್ತದೆ. ಸರ್ಕಾರದ ಅನುದಾನ ಗಣನೀಯವಾಗಿರುವಲ್ಲಿ ಮಹಾಲೇಖಪಾಲರ ತಪಾಸಣೆಗೂ ಅವಕಾಶವಿದೆ.

ವ್ಯಾಪಾರಿ ಸಂಸ್ಥೆಗೂ ವಿಶ್ವವಿದ್ಯಾಲಯಕ್ಕೂ ಇರುವ ಮುಖ್ಯ ವ್ಯತ್ಯಾಸ ನಿಧಿಗಳದು. ವ್ಯಾಪಾರಿಗೆ ಬಂದ ಹಣವೆಲ್ಲ ಒಂದೇ ಗಲ್ಲಾಪೆಟ್ಟಿಗೆಯದು. ವಿಶ್ವವಿದ್ಯಾಲಯಕ್ಕೆ ಬರುವ ಪ್ರತಿ ರೂಪಾಯಿಗೂ ಒಂದು ಕರಾರು ಅಂಟಿಕೊಂಡಿರುತ್ತದೆ. ಸಂಬಳಕ್ಕೆಂದು ಸರ್ಕಾರ ಕೊಟ್ಟ ಅನುದಾನವನ್ನು ಕಟ್ಟಡಕ್ಕೆ ಬಳಸುವಂತಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಯೋಜನೆಯ ಹಣವನ್ನು ಅವಧಿಯೊಳಗೆ ಖರ್ಚು ಮಾಡಿ ಹಣ ಬಳಕೆ ಪ್ರಮಾಣಪತ್ರ ಕಳುಹಿಸಬೇಕು. ಉಳಿದದ್ದನ್ನು ಬಡ್ಡಿಸಮೇತ ಹಿಂದಿರುಗಿಸಬೇಕಾಗಿ ಬರಬಹುದು. ಇದರ ಅತ್ಯಂತ ಸೂಕ್ಷ್ಮ ಉದಾಹರಣೆ ದತ್ತಿನಿಧಿ. ದಾನಿಯೊಬ್ಬರು ಚಿನ್ನದ ಪದಕಕ್ಕೆಂದು ಇಟ್ಟ ಇಡುಗಂಟಿನ ಬಡ್ಡಿಯಲ್ಲಿ ಪದಕ ಮಾಡಿಸಬೇಕು, ಅಸಲನ್ನು ಮುಟ್ಟುವಂತಿಲ್ಲ. ಇಂಥ ಪ್ರತಿಯೊಂದಕ್ಕೂ ಅಸಲು, ಠೇವಣಿಯ ಅವಧಿ, ಬಡ್ಡಿ, ಖರ್ಚು, ಶಿಲ್ಕು ಬೇರೆಬೇರೆಯಾಗಿ ಕಾಣಬೇಕು. ಅಂಗಡಿಗಾಗಿ ಮಾಡಿದ ತಂತ್ರಾಂಶದಲ್ಲಿ ಇದು ತಾನಾಗಿ ಬರುವುದಿಲ್ಲ. ಪ್ರತ್ಯೇಕ ಖಾತಾ ಗುಂಪುಗಳನ್ನೂ ವೆಚ್ಚ ಕೇಂದ್ರಗಳನ್ನೂ ಕಟ್ಟಿಕೊಳ್ಳಬೇಕಾಗುತ್ತದೆ.

ಎರಡನೆಯ ವೈಶಿಷ್ಟ್ಯ ಪರೀಕ್ಷಾ ಲೆಕ್ಕ. ವರ್ಷದ ಎರಡು ಹಂಗಾಮುಗಳಲ್ಲಿ ಸಾವಿರಾರು ಸಣ್ಣ ಪಾವತಿಗಳು ಒಟ್ಟಿಗೆ ಬಂದು ಬೀಳುತ್ತವೆ. ಮೌಲ್ಯಮಾಪನ ಸಂಭಾವನೆ, ಪ್ರಶ್ನೆಪತ್ರಿಕೆ ಸಿದ್ಧತೆಯ ಗೌರವಧನ, ಪ್ರಯಾಣ ಭತ್ಯೆ, ಪರೀಕ್ಷಾ ಕೇಂದ್ರಗಳಿಗೆ ಮುಂಗಡ, ಆ ಮುಂಗಡದ ಹೊಂದಾಣಿಕೆ ಎಲ್ಲವೂ ಇದರಲ್ಲಿವೆ. ಲೆಕ್ಕ ತಪಾಸಣೆಯಲ್ಲಿ ಪದೇಪದೇ ಏಳುವ ಆಕ್ಷೇಪಣೆಗಳಲ್ಲಿ ಹೊಂದಾಣಿಕೆಯಾಗದ ಮುಂಗಡ ಒಂದು. ಮೂರನೆಯದು ಸಂಯೋಜಿತ ಕಾಲೇಜುಗಳಿಂದ ಬರುವ ಸಂಯೋಜನಾ ಶುಲ್ಕ, ಪರೀಕ್ಷಾ ಶುಲ್ಕ, ನೋಂದಣಿ ಶುಲ್ಕಗಳ ಬಾಕಿ. ನಗದು ಪದ್ಧತಿಯಲ್ಲಿ ಈ ಬಾಕಿ ಎಲ್ಲಿಯೂ ಕಾಣುವುದಿಲ್ಲ. ನಿವೃತ್ತರ ಪಿಂಚಣಿಯ ಹೊಣೆಯೂ ಹೀಗೆಯೇ. ಸಂಚಯ ಪದ್ಧತಿಗೆ ಹೋದ ದಿನ ಅದು ಅಢಾವೆ ಪತ್ರಿಕೆಯ ಮೇಲೆ ಬರೆಯಲೇಬೇಕಾದ ದೊಡ್ಡ ಮೊತ್ತವಾಗುತ್ತದೆ. ಆಡಳಿತಗಳು ಸಂಚಯ ಪದ್ಧತಿಯತ್ತ ಹಿಂದೆಮುಂದೆ ನೋಡುವುದಕ್ಕೆ ಇದೂ ಕಾರಣವೆನ್ನಬಹುದು.

ಹಣದ ಮೂಲವನ್ನು ಸರಿಯಾಗಿ ವರ್ಗೀಕರಿಸುವುದಕ್ಕೆ ತೆರಿಗೆಯ ಪರಿಣಾಮವೂ ಇದೆ. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2016ರಲ್ಲಿ, ಆ ಸಂಸ್ಥೆ ಪೂರ್ಣವಾಗಿ ಅಥವಾ ಗಣನೀಯವಾಗಿ ಸರ್ಕಾರದ ಹಣದಿಂದ ನಡೆಯುವಂಥದ್ದಲ್ಲ ಎಂದು ಹೇಳಿ, ಆ ಆಧಾರದ ಮೇಲೆ ಕೇಳಿದ್ದ ಆದಾಯ ತೆರಿಗೆ ವಿನಾಯಿತಿಯನ್ನು ನಿರಾಕರಿಸಿತು. ಶುಲ್ಕವೆಷ್ಟು, ಸರ್ಕಾರದ ಅನುದಾನವೆಷ್ಟು ಎಂಬ ಪಾಲು ಲೆಕ್ಕವಹಿಯಿಂದಲೇ ಹೊರಬರಬೇಕಾದ ಮಾಹಿತಿ.

ತಂತ್ರಾಂಶದ ಬಗೆಗಳು

ಮೊದಲನೆಯದು ಸಿದ್ಧ ಲೆಕ್ಕ ತಂತ್ರಾಂಶ. ಕರ್ನಾಟಕದಲ್ಲಿ ಟ್ಯಾಲಿಯೇ ಇದರ ಮುಖ್ಯ ಪ್ರತಿನಿಧಿ. 2009ರ ಟ್ಯಾಲಿ ಇ.ಆರ್.ಪಿ. 9, 2020ರ ಟ್ಯಾಲಿಪ್ರೈಮ್ ಅದರ ಈಚಿನ ರೂಪಗಳು. ಬೆಲೆ ಕಡಿಮೆ, ಬಲ್ಲವರು ಸುಲಭವಾಗಿ ಸಿಗುತ್ತಾರೆ, ಊರಿನ ಲೆಕ್ಕ ಪರಿಶೋಧಕರಿಗೂ ಪರಿಚಿತ. ಬಜೆಟ್ ನಿಯಂತ್ರಣ, ಮುಂಗಡದ ಜಾಡು, ವಿದ್ಯಾರ್ಥಿವಾರು ಶುಲ್ಕದ ವಿವರಕ್ಕೆ ಮಾತ್ರ ಹೆಚ್ಚುವರಿ ಏರ್ಪಾಡು ಬೇಕು.

ಎರಡನೆಯದು ಸಮಗ್ರ ತಂತ್ರಾಂಶ. ಒರಾಕಲ್, ಸ್ಯಾಪ್, ಪೀಪಲ್‌ಸಾಫ್ಟ್‌ಗಳಂಥವು ಪಶ್ಚಿಮದ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಬಳಕೆಗೆ ಬಂದವು. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯ ತನ್ನದೇ ಹಣಕಾಸು ವ್ಯವಸ್ಥೆಯನ್ನು ಇತರ ವಿಶ್ವವಿದ್ಯಾಲಯಗಳ ಜೊತೆ ಸೇರಿ ಮುಕ್ತ ತಂತ್ರಾಂಶವಾಗಿ ಬೆಳೆಸಿದ್ದು ‘ಕುವಾಲಿ’. ಭಾರತದಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯದ ಯೋಜನೆಯಡಿ ದೆಹಲಿ ವಿಶ್ವವಿದ್ಯಾಲಯದಲ್ಲಿ ಸಿದ್ಧವಾದ ‘ಸಮರ್ಥ್’ ಈ ವರ್ಗಕ್ಕೆ ಸೇರುತ್ತದೆ; ಸಂಬಳ, ಬಜೆಟ್, ಬಿಲ್ಲುಗಳ ಜಾಡು ಮೊದಲಾದ ಘಟಕಗಳು ಅದರಲ್ಲಿವೆ.

ಮೂರನೆಯದು ಸ್ಥಳೀಯವಾಗಿ ಬರೆಸಿಕೊಂಡದ್ದು. ಗಣಕ ಕೇಂದ್ರದ ಸಿಬ್ಬಂದಿಯೋ ಹೊರಗಿನ ಸಣ್ಣ ಕಂಪನಿಯೋ ಸಂಸ್ಥೆಯ ರೂಢಿಗೆ ತಕ್ಕಂತೆ ಹೆಣೆದುಕೊಡುತ್ತದೆ. ಕಚೇರಿಯವರಿಗೆ ಇದು ಹೆಚ್ಚು ಹಿಡಿಸುತ್ತದೆ, ಏಕೆಂದರೆ ಹಳೆಯ ವಹಿಯ ನಮೂನೆಯೇ ಪರದೆಯ ಮೇಲೆ ಬರುತ್ತದೆ. ಬರೆದವರು ಬಿಟ್ಟುಹೋದ ಮೇಲೆ ತಿದ್ದುವವರಿಲ್ಲದಿರುವುದು ಇದರ ದೌರ್ಬಲ್ಯ.

ಇವಲ್ಲದೆ ವಿಶ್ವವಿದ್ಯಾಲಯಗಳು ಆಯ್ಕೆಯಿಲ್ಲದೆ ಬಳಸಬೇಕಾದ ಸರ್ಕಾರಿ ಜಾಲಗಳಿವೆ. ರಾಜ್ಯದ ಖಜಾನೆ–2, ಕೇಂದ್ರದ ಸಾರ್ವಜನಿಕ ಹಣಕಾಸು ನಿರ್ವಹಣಾ ವ್ಯವಸ್ಥೆಯಾದ ಪಿ.ಎಫ್.ಎಂ.ಎಸ್., ಪ್ರವೇಶ–ಪರೀಕ್ಷೆಗಳಿಗಾಗಿ ರಾಜ್ಯ ಸರ್ಕಾರ 2021ರಲ್ಲಿ ತಂದ ಯು.ಯು.ಸಿ.ಎಂ.ಎಸ್. ಮುಖ್ಯವಾದವು. ಇವು ಲೆಕ್ಕ ತಂತ್ರಾಂಶಗಳಲ್ಲ. ಆದರೆ ಹಣ ಇವುಗಳ ಮೂಲಕ ಹರಿಯುವುದರಿಂದ ವಿಶ್ವವಿದ್ಯಾಲಯದ ಲೆಕ್ಕ ಇವುಗಳ ಅಂಕಿಗಳೊಂದಿಗೆ ತಾಳೆಯಾಗಲೇಬೇಕು.

ಸೈದ್ಧಾಂತಿಕ ಚೌಕಟ್ಟುಗಳು

ಹೊಸತೊಂದು ಜನರ ನಡುವೆ ಹೇಗೆ ಹರಡುತ್ತದೆ ಎಂಬುದನ್ನು ಎವೆರೆಟ್ ರೋಜರ್ಸ್ 1962ರಲ್ಲಿ ನಿರೂಪಿಸಿದರು. ಹಳೆಯದಕ್ಕಿಂತ ಲಾಭ, ರೂಢಿಯೊಂದಿಗೆ ಹೊಂದಿಕೆ, ಕ್ಲಿಷ್ಟತೆ, ಪ್ರಯೋಗಿಸಿ ನೋಡುವ ಅವಕಾಶ, ಫಲ ಕಣ್ಣಿಗೆ ಕಾಣುವಿಕೆ ಎಂಬ ಐದು ಗುಣಗಳನ್ನು ಅವರು ಹೆಸರಿಸಿದ್ದಾರೆ. ಫ್ರೆಡ್ ಡೇವಿಸ್ 1989ರಲ್ಲಿ ಮಂಡಿಸಿದ ತಂತ್ರಜ್ಞಾನ ಸ್ವೀಕಾರ ಮಾದರಿ ಬಳಕೆದಾರರ ಎರಡು ನಂಬಿಕೆಗಳ ಮೇಲೆ ನಿಂತಿದೆ: ಇದರಿಂದ ನನ್ನ ಕೆಲಸಕ್ಕೆ ಉಪಯೋಗವಿದೆ, ಇದನ್ನು ಬಳಸುವುದು ಸುಲಭ. ವಿಶ್ವನಾಥ್ ವೆಂಕಟೇಶ್ ಮತ್ತು ಸಂಗಡಿಗರು 2003ರಲ್ಲಿ ಇದಕ್ಕೆ ಸಾಮಾಜಿಕ ಪ್ರಭಾವವನ್ನೂ ಅನುಕೂಲ ಸನ್ನಿವೇಶವನ್ನೂ ಸೇರಿಸಿ ಏಕೀಕೃತ ಮಾದರಿ ಕೊಟ್ಟರು. ಟೊರ್ನಾಟ್ಸ್ಕಿ ಮತ್ತು ಫ್ಲೈಷರ್ ಅವರ 1990ರ ಚೌಕಟ್ಟು ವ್ಯಕ್ತಿಯನ್ನು ಬಿಟ್ಟು ಸಂಸ್ಥೆಯನ್ನು ನೋಡುತ್ತದೆ. ತಂತ್ರಜ್ಞಾನ, ಸಂಸ್ಥೆ, ಪರಿಸರ ಎಂಬ ಮೂರು ನೆಲೆಗಳಲ್ಲಿ ಕಾರಣಗಳನ್ನು ಹುಡುಕುತ್ತದೆ. ಡಿಮ್ಯಾಜಿಯೊ ಮತ್ತು ಪವೆಲ್ 1983ರಲ್ಲಿ ಹೇಳಿದ ಪ್ರಕಾರ ಸಂಸ್ಥೆಗಳು ಒಂದರಂತೆ ಇನ್ನೊಂದಾಗುವುದಕ್ಕೆ ಬಲವಂತ, ಅನುಕರಣೆ ಮತ್ತು ವೃತ್ತಿಯ ರೂಢಿ ಕಾರಣ.

ಈ ಪೈಕಿ ಡೇವಿಸ್ ಮಾದರಿಯೇ ಸಮೀಕ್ಷೆಗಳಲ್ಲಿ ಹೆಚ್ಚು ಬಳಕೆಯಲ್ಲಿದೆ, ಪ್ರಶ್ನಾವಳಿ ಮಾಡಲು ಸುಲಭವೆಂಬ ಕಾರಣಕ್ಕೂ ಹೌದು. ಆದರೆ ಅದು ಬಳಕೆದಾರನಿಗೆ ಬೇಡವೆನ್ನುವ ಸ್ವಾತಂತ್ರ್ಯವಿದೆ ಎಂದು ಭಾವಿಸುತ್ತದೆ. ರಾಜ್ಯ ವಿಶ್ವವಿದ್ಯಾಲಯದ ಹಣಕಾಸು ಶಾಖೆಯ ಪ್ರಥಮ ದರ್ಜೆ ಸಹಾಯಕರಿಗೆ ಆ ಸ್ವಾತಂತ್ರ್ಯವಿಲ್ಲ. ಇಲ್ಲಿನ ಸಂದರ್ಭಕ್ಕೆ ಸಂಸ್ಥೆ–ಪರಿಸರದ ಚೌಕಟ್ಟು ಮತ್ತು ಬಲವಂತದ ಪರಿಕಲ್ಪನೆಯೇ ಹೆಚ್ಚು ಹೊಂದುತ್ತವೆ. ತಂತ್ರಾಂಶ ಬರುವುದು ಹೊರಗಿನ ಒತ್ತಡದಿಂದ. ಬಂದದ್ದು ಉಳಿಯುವುದು ಒಳಗಿನ ಸಿದ್ಧತೆಯಿಂದ.

ಹೊರಗಿನ ಅಂಶಗಳು

ಎಲ್ಲಕ್ಕಿಂತ ಪ್ರಬಲವಾದದ್ದು ಹಣ ಕೊಡುವವರ ಷರತ್ತು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಉಚ್ಚತರ ಶಿಕ್ಷಾ ಅಭಿಯಾನ, ಅಂದರೆ ರೂಸಾ, ಹಾಗೂ ಯುಜಿಸಿ ಅನುದಾನಗಳು ಪಿ.ಎಫ್.ಎಂ.ಎಸ್. ಮೂಲಕ ಬರತೊಡಗಿದ ಮೇಲೆ ಪ್ರತಿ ಖರ್ಚನ್ನೂ ಆ ಜಾಲದಲ್ಲಿ ದಾಖಲಿಸುವುದು ಅನಿವಾರ್ಯವಾಯಿತು. ಕೇಂದ್ರ ಪುರಸ್ಕೃತ ಯೋಜನೆಗಳಿಗೆ 2021ರಿಂದ ರಾಜ್ಯಕ್ಕೊಂದು ನೋಡಲ್ ಸಂಸ್ಥೆ, ಅದಕ್ಕೊಂದೇ ಬ್ಯಾಂಕ್ ಖಾತೆ ಎಂಬ ನಿಯಮ ಬಂದು, ಯೋಜನೆಗೊಂದು ಉಳಿತಾಯ ಖಾತೆ ತೆರೆದು ಹಣ ಇಟ್ಟುಕೊಳ್ಳುವ ಹಳೆಯ ರೂಢಿಗೆ ತಡೆಬಿತ್ತು.

ತೆರಿಗೆ ಎರಡನೆಯ ಒತ್ತಡ. ಮೂಲದಲ್ಲಿ ಮುರಿದುಕೊಂಡ ತೆರಿಗೆಯ ವಿವರವನ್ನು ಮೂರು ತಿಂಗಳಿಗೊಮ್ಮೆ ಗಣಕದ ಮೂಲಕವೇ ಸಲ್ಲಿಸಬೇಕು. 2017ರ ಜುಲೈ 1ರಂದು ಜಿ.ಎಸ್.ಟಿ. ಬಂದ ಮೇಲೆ ಗುತ್ತಿಗೆದಾರರ ಬಿಲ್ಲು, ಬಾಡಿಗೆ, ಸಲಹಾ ಸೇವೆಗಳ ಲೆಕ್ಕ ಕೈಯಲ್ಲಿ ನಿಭಾಯಿಸುವುದು ಕಷ್ಟವಾಯಿತು. ವಿಶ್ವವಿದ್ಯಾಲಯಗಳು ಕಾಲೇಜುಗಳಿಗೆ ನೀಡುವ ಸಂಯೋಜನಾ ಸೇವೆಗೆ ಶೇ 18 ತೆರಿಗೆ ಅನ್ವಯವಾಗುತ್ತದೆ ಎಂದು 2024ರ ಅಕ್ಟೋಬರಿನಲ್ಲಿ ಕೇಂದ್ರ ಪರೋಕ್ಷ ತೆರಿಗೆ ಮಂಡಳಿ ಸ್ಪಷ್ಟೀಕರಣ ಹೊರಡಿಸಿತು. ಸಂಯೋಜನಾ ಶುಲ್ಕವನ್ನು ಬೇರೆ ಶುಲ್ಕಗಳಿಂದ ಬೇರ್ಪಡಿಸಿ ತೋರಿಸಬೇಕಾದ ಅಗತ್ಯ ಇದರಿಂದ ಹೆಚ್ಚಿತು.

ಮೂರನೆಯದು ಮಾನ್ಯತೆ. 1994ರಲ್ಲಿ ಸ್ಥಾಪನೆಯಾದ, ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ರಾಷ್ಟ್ರೀಯ ಮೌಲ್ಯಮಾಪನ ಮತ್ತು ಮಾನ್ಯತಾ ಮಂಡಳಿ (ನ್ಯಾಕ್) ತನ್ನ ಆರನೆಯ ಮಾನದಂಡದಲ್ಲಿ ಆಡಳಿತ, ಹಣಕಾಸು ಮತ್ತು ಲೆಕ್ಕ, ಪ್ರವೇಶ, ಪರೀಕ್ಷೆಗಳಲ್ಲಿ ಇ–ಆಡಳಿತ ಜಾರಿಯಲ್ಲಿದೆಯೇ ಎಂದು ಕೇಳುತ್ತದೆ. ಪುರಾವೆಯಾಗಿ ತಂತ್ರಾಂಶದ ಪರದೆಯ ಚಿತ್ರಗಳನ್ನೂ ಬಿಲ್ಲುಗಳನ್ನೂ ಒದಗಿಸಬೇಕು. ಪರದೆಯ ಚಿತ್ರ ತಂತ್ರಾಂಶ ಇದೆ ಎಂಬುದನ್ನು ತೋರಿಸಬಲ್ಲುದು, ಅದರಲ್ಲಿ ಬರೆದದ್ದೇ ಮೂಲ ಲೆಕ್ಕವೇ ಎಂಬುದನ್ನಲ್ಲ. ಆದ್ದರಿಂದ ಈ ಅಂಶ ಖರೀದಿಯನ್ನು ಹೆಚ್ಚಿಸಿದಷ್ಟು ಅಳವಡಿಕೆಯನ್ನು ಹೆಚ್ಚಿಸುವುದಿಲ್ಲ.

ಲೆಕ್ಕ ತಪಾಸಣೆ ಎರಡೂ ಕಡೆಗೆ ಎಳೆಯುತ್ತದೆ. ಬ್ಯಾಂಕ್ ಹೊಂದಾಣಿಕೆ ಪಟ್ಟಿ, ಮುಂಗಡದ ವಯಸ್ಸುವಾರು ವಿವರ, ಆಸ್ತಿ ವಹಿ ಇವನ್ನು ಕೇಳಿದಷ್ಟೂ ತಂತ್ರಾಂಶದ ಅಗತ್ಯ ಹೆಚ್ಚುತ್ತದೆ. ಸಹಿ, ಮೊಹರು ಇರುವ ಕೈಬರಹದ ನಗದು ಪುಸ್ತಕವನ್ನೇ ತಪಾಸಕರು ಕೇಳಿದರೆ ಕಚೇರಿ ಎರಡೂ ಲೆಕ್ಕಗಳನ್ನು ಇಟ್ಟುಕೊಳ್ಳುತ್ತದೆ. ಜೋಡಿ ವಹಿಯ ಈ ರೂಢಿ ಸಿಬ್ಬಂದಿಗೆ ಕೆಲಸವನ್ನು ಇಮ್ಮಡಿ ಮಾಡಿ, ಗಣಕವೇ ಹೊರೆ ಎಂಬ ಭಾವನೆ ಬೆಳೆಸುತ್ತದೆ.

ಒಳಗಿನ ಅಂಶಗಳು

ಹಣಕಾಸು ಅಧಿಕಾರಿಯ ಆಸಕ್ತಿ ಮತ್ತು ಅವಧಿ ಒಟ್ಟೊಟ್ಟಿಗೆ ಪರಿಣಾಮ ಬೀರುತ್ತವೆ. ಲೆಕ್ಕ ಶೀರ್ಷಿಕೆಗಳ ಪುನರ್ವಿಂಗಡಣೆ, ಆರಂಭಿಕ ಶಿಲ್ಕುಗಳ ನಿರ್ಧಾರ, ವಿಭಾಗಗಳ ಒಪ್ಪಿಗೆ ಇವೆಲ್ಲ ಒಂದು ಹಣಕಾಸು ವರ್ಷದೊಳಗೆ ಮುಗಿಯುವಂಥವಲ್ಲ. ನಡುವೆ ವರ್ಗಾವಣೆಯಾದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಕುಲಪತಿ, ಕುಲಸಚಿವರ ಬೆಂಬಲ ಮುಖ್ಯವಾಗುವುದು ವಿಭಾಗಗಳು ತಮ್ಮ ಖಾತೆಗಳನ್ನು ಬಿಟ್ಟುಕೊಡಬೇಕಾದ ಹಂತದಲ್ಲಿ. ಸ್ವಹಣಕಾಸು ಕೋರ್ಸು, ವಿದ್ಯಾರ್ಥಿನಿಲಯ, ಅಧ್ಯಯನ ಪೀಠಗಳು ಬೇರೆಬೇರೆ ಬ್ಯಾಂಕ್ ಖಾತೆ ನಡೆಸುತ್ತಿದ್ದಲ್ಲಿ ಅವನ್ನು ಒಂದೇ ಲೆಕ್ಕಕ್ಕೆ ತರುವುದು ತಾಂತ್ರಿಕ ಕೆಲಸಕ್ಕಿಂತ ಹೆಚ್ಚಾಗಿ ಅಧಿಕಾರದ ಪ್ರಶ್ನೆ.

ಆರಂಭಿಕ ಶಿಲ್ಕು ಹಲವು ಪ್ರಯತ್ನಗಳು ಎಡವುವ ಜಾಗ. ದಶಕಗಳಿಂದ ನಗದು ಪದ್ಧತಿಯಲ್ಲಿ ನಡೆದ ಸಂಸ್ಥೆಗೆ ತನ್ನ ಕಟ್ಟಡ, ಉಪಕರಣ, ಪುಸ್ತಕಗಳ ಬೆಲೆ, ಹಳೆಯ ಮುಂಗಡಗಳ ನಿಜಸ್ಥಿತಿ, ಠೇವಣಿಗಳ ಪಟ್ಟಿ ಒಂದೇ ಕಡೆ ಸಿಗುವುದಿಲ್ಲ. ಅಂಕಿ ಖಚಿತವಾಗದೆ ತಂತ್ರಾಂಶದಲ್ಲಿ ಮೊದಲ ಅಢಾವೆ ಪತ್ರಿಕೆ ಹುಟ್ಟುವುದಿಲ್ಲ. ಆದ್ದರಿಂದ ಹಲವೆಡೆ ಆದಾಯ–ವೆಚ್ಚದ ಭಾಗ ಮಾತ್ರ ಗಣಕಕ್ಕೆ ಬಂದು ಆಸ್ತಿಯ ಭಾಗ ಹಾಗೇ ಉಳಿಯುತ್ತದೆ.

ಸಿಬ್ಬಂದಿಯ ವಿಷಯದಲ್ಲಿ ವಯಸ್ಸಿಗಿಂತ ನೇಮಕಾತಿಯ ಬಗೆ ದೊಡ್ಡ ಅಂಶ. ಗಣಕ ಬಲ್ಲವರು ಬಹುಪಾಲು ಹೊರಗುತ್ತಿಗೆ ಅಥವಾ ತಾತ್ಕಾಲಿಕ ನೌಕರರು. ಸಹಿಯ ಅಧಿಕಾರ ಇರುವವರು ಕಾಯಂ ಅಧೀಕ್ಷಕರು. ನಮೂದು ಮಾಡುವವರಿಗೆ ಹೊಣೆಯಿಲ್ಲ, ಹೊಣೆಯಿರುವವರು ನಮೂದು ನೋಡುವುದಿಲ್ಲ ಎಂಬ ಸ್ಥಿತಿ ಇದರಿಂದ ಹುಟ್ಟುತ್ತದೆ. ಒಂದೇ ಗುಪ್ತಪದವನ್ನು ಹಲವರು ಬಳಸುವ ರೂಢಿ ಇದ್ದಲ್ಲಿ ಯಾರು ಏನು ತಿದ್ದಿದರು ಎಂಬ ಜಾಡೂ ಅಳಿದುಹೋಗುತ್ತದೆ. ಕಂಪನಿಗಳು 2023ರ ಏಪ್ರಿಲ್ 1ರಿಂದ ತಿದ್ದುಪಡಿಯ ಜಾಡು ಉಳಿಸುವ ತಂತ್ರಾಂಶವನ್ನೇ ಬಳಸಬೇಕೆಂಬ ನಿಯಮವಿದೆ. ಶಾಸನದಿಂದ ಸ್ಥಾಪಿತವಾದ ವಿಶ್ವವಿದ್ಯಾಲಯಗಳಿಗೆ ಅದು ಅನ್ವಯವಾಗದಿದ್ದರೂ ಮಾರುಕಟ್ಟೆಯ ತಂತ್ರಾಂಶಗಳಲ್ಲಿ ಆ ಸೌಲಭ್ಯ ಬಂದಿರುವುದರಿಂದ ಅವಕ್ಕೂ ದೊರೆಯುತ್ತದೆ.

ಖರೀದಿಗೆ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999 ಅನ್ವಯಿಸುತ್ತದೆ. ಟೆಂಡರಿನಲ್ಲಿ ಕನಿಷ್ಠ ಬೆಲೆ ಗೆಲ್ಲುತ್ತದೆ. ತರಬೇತಿ, ದತ್ತಾಂಶ ವರ್ಗಾವಣೆ, ವಾರ್ಷಿಕ ನಿರ್ವಹಣೆಯ ಖರ್ಚು ಟೆಂಡರ್ ದಾಖಲೆಯಲ್ಲಿ ಸ್ಪಷ್ಟವಾಗಿಲ್ಲದಿದ್ದರೆ ಮೊದಲ ವರ್ಷದ ಬಳಿಕ ತಂತ್ರಾಂಶ ಅನಾಥವಾಗುತ್ತದೆ. ಅನುದಾನದ ಹಣದಲ್ಲಿ ಯಂತ್ರ ಕೊಳ್ಳುವುದು ಸುಲಭ, ಪ್ರತಿ ವರ್ಷದ ನವೀಕರಣ ಶುಲ್ಕಕ್ಕೆ ಸ್ವಂತ ಹಣವೇ ಬೇಕು.

ಭಾಷೆಯ ಅಂಶವನ್ನು ಪಾಶ್ಚಾತ್ಯ ಮಾದರಿಗಳು ಪ್ರತ್ಯೇಕವಾಗಿ ಎಣಿಸುವುದಿಲ್ಲ. ಕರ್ನಾಟಕದಲ್ಲಿ ಕಡತದ ಟಿಪ್ಪಣಿ, ಮಂಜೂರಾತಿ ಆದೇಶ ಕನ್ನಡದಲ್ಲಿರುತ್ತವೆ, ಲೆಕ್ಕ ತಂತ್ರಾಂಶದ ಖಾತೆಗಳ ಹೆಸರು ಇಂಗ್ಲಿಷಿನಲ್ಲಿ. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರ ಸಂಕೇತದಲ್ಲಿ ಉಳಿದ ಪಟ್ಟಿಗಳನ್ನು ಯೂನಿಕೋಡ್ ಬಳಸುವ ಹೊಸ ತಂತ್ರಾಂಶಕ್ಕೆ ಹಾಗೇ ತರಲಾಗುವುದಿಲ್ಲ. ಒಬ್ಬ ದಾನಿಯ ಹೆಸರು ಮೂರು ಕಾಗುಣಿತದಲ್ಲಿ ಮೂರು ಖಾತೆಯಾಗುವುದಕ್ಕೆ ಇದು ದಾರಿ ಮಾಡುತ್ತದೆ.

ಕೇಂಬ್ರಿಜ್ ಪ್ರಕರಣ

ಹಣ, ಯಂತ್ರ, ಪ್ರತಿಷ್ಠೆ ಎಲ್ಲ ಇದ್ದರೂ ಅಳವಡಿಕೆ ಸೋಲಬಹುದು ಎಂಬುದಕ್ಕೆ ಹೆಚ್ಚು ಉಲ್ಲೇಖವಾಗುವುದು ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯ. ಒರಾಕಲ್ ಆಧಾರಿತ ‘ಕ್ಯಾಪ್ಸಾ’ ವ್ಯವಸ್ಥೆ ಅಲ್ಲಿ 2000ದ ಆಗಸ್ಟಿನಲ್ಲಿ ಬಳಕೆಗೆ ಬಂತು. ಪಾವತಿಗಳು ತಡವಾದವು, ವಿಭಾಗಗಳಿಗೆ ತಮ್ಮ ಶಿಲ್ಕು ತಿಳಿಯದಾಯಿತು. ಮೈಕೆಲ್ ಶಾಟಕ್ ಆಡಳಿತದ ದೃಷ್ಟಿಯಿಂದ, ಆಂಥೊನಿ ಫಿಂಕೆಲ್‌ಸ್ಟೈನ್ ತಂತ್ರಾಂಶದ ದೃಷ್ಟಿಯಿಂದ ಪರಿಶೀಲಿಸಿ ಕೊಟ್ಟ ವರದಿ 2001ರ ನವೆಂಬರಿನಲ್ಲಿ ಪ್ರಕಟವಾಯಿತು. ಸಾಕಷ್ಟು ಪರೀಕ್ಷಿಸದೆ ಚಾಲನೆ ಕೊಟ್ಟದ್ದು, ಬಳಸುವವರನ್ನು ಮೊದಲೇ ಕೇಳದಿದ್ದದ್ದು, ತರಬೇತಿಯ ಕೊರತೆ, ಯಾರಿಗೆ ಹೊಣೆ ಎಂಬ ಅಸ್ಪಷ್ಟತೆ ಅದರಲ್ಲಿ ದಾಖಲಾದ ದೋಷಗಳು.

ಕೊಡಗು ವಿಶ್ವವಿದ್ಯಾಲಯದ ಸನ್ನಿವೇಶ

2022–23ರ ರಾಜ್ಯ ಬಜೆಟ್ಟಿನಲ್ಲಿ ಘೋಷಣೆಯಾದ ಏಳು ಹೊಸ ವಿಶ್ವವಿದ್ಯಾಲಯಗಳಲ್ಲಿ ಕೊಡಗು ಒಂದು; ಬೀದರ್, ಹಾವೇರಿ, ಹಾಸನ, ಚಾಮರಾಜನಗರ, ಕೊಪ್ಪಳ, ಬಾಗಲಕೋಟೆ ಉಳಿದವು. ಚಿಕ್ಕ ಅಳುವಾರದಲ್ಲಿದ್ದ ಮಂಗಳೂರು ವಿಶ್ವವಿದ್ಯಾಲಯದ ‘ಜ್ಞಾನ ಕಾವೇರಿ’ ಸ್ನಾತಕೋತ್ತರ ಕೇಂದ್ರದಲ್ಲಿ ಅದು 2023ರ ಮಾರ್ಚಿನಲ್ಲಿ ಉದ್ಘಾಟನೆಯಾಯಿತು. ಅದುವರೆಗೆ ಈ ಆವರಣ ಮಾತೃ ಸಂಸ್ಥೆಯ ಲೆಕ್ಕದಲ್ಲಿ ಒಂದು ಕೇಂದ್ರ ಮಾತ್ರ. ಅಂಥ ಕೇಂದ್ರ ಸ್ವತಂತ್ರ ವಿಶ್ವವಿದ್ಯಾಲಯವಾದಾಗ ಅದಕ್ಕೆ ತನ್ನದೇ ಹಣಕಾಸು ಅಧಿಕಾರಿ, ತನ್ನದೇ ಬಜೆಟ್, ತನ್ನದೇ ತೆರಿಗೆ ನೋಂದಣಿ, ತನ್ನದೇ ಅಢಾವೆ ಪತ್ರಿಕೆ ಬೇಕಾಗುತ್ತದೆ.

ಹೊಸ ಸಂಸ್ಥೆಗೆ ಇರುವ ದೊಡ್ಡ ಅನುಕೂಲ ಹಳೆಯ ವಹಿಗಳ ಹೊರೆಯಿಲ್ಲದಿರುವುದು. ಮೊದಲ ದಿನದಿಂದಲೇ ಸಂಚಯ ಪದ್ಧತಿಯಲ್ಲಿ, ಒಂದೇ ತಂತ್ರಾಂಶದಲ್ಲಿ ಲೆಕ್ಕ ಶುರುಮಾಡಲು ಅದಕ್ಕೆ ಅಡ್ಡಿಯಿಲ್ಲ. ಆದರೆ ವಿಭಜನೆಯಿಂದ ಹುಟ್ಟುವ ತೊಡಕುಗಳಿವೆ. ನೆಲ, ಕಟ್ಟಡ, ಪ್ರಯೋಗಾಲಯಗಳನ್ನು ಯಾವ ಬೆಲೆಗೆ ಬರೆದುಕೊಳ್ಳಬೇಕು, ವಿಭಜನೆಗೆ ಮುನ್ನ ಸೇರಿದ ವಿದ್ಯಾರ್ಥಿಗಳ ಶುಲ್ಕ ಯಾರದು, ಎರವಲು ಸೇವೆಯ ಮೇಲೆ ಬಂದ ನೌಕರರ ರಜೆ ಸಂಬಳ, ಪಿಂಚಣಿ ವಂತಿಗೆಯನ್ನು ಯಾರು ಭರಿಸಬೇಕು ಎಂಬುದನ್ನು ತಂತ್ರಾಂಶ ನಿರ್ಧರಿಸುವುದಿಲ್ಲ. ನಿರ್ಧಾರವಾದ ಮೇಲೆ ಬರೆದುಕೊಳ್ಳುತ್ತದೆ. ಕಾಲೇಜುಗಳ ಸಂಖ್ಯೆ ಕಡಿಮೆಯಿರುವ ಜಿಲ್ಲೆಯಲ್ಲಿ ಸಂಯೋಜನಾ ಹಾಗೂ ಪರೀಕ್ಷಾ ಶುಲ್ಕದ ಆದಾಯವೂ ಸೀಮಿತ. ದುಬಾರಿ ಸಮಗ್ರ ತಂತ್ರಾಂಶಕ್ಕಿಂತ ಸಿದ್ಧ ತಂತ್ರಾಂಶ ಅಥವಾ ಸಮರ್ಥ್‌ನಂಥ ಸಾರ್ವಜನಿಕ ವ್ಯವಸ್ಥೆ ಇಂಥ ಗಾತ್ರಕ್ಕೆ ಹೊಂದುತ್ತದೆ.

ಜಿಲ್ಲೆಯ ಕಾಲೇಜುಗಳ ಲೆಕ್ಕಸ್ಥಿತಿಯೂ ಏಕರೂಪವಲ್ಲ. ಸೋಮವಾರಪೇಟೆಯ ಬಿ.ಟಿ. ಚನ್ನಯ್ಯ ಗೌರಮ್ಮ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಂಥ ಸರ್ಕಾರಿ ಸಂಸ್ಥೆಗಳ ಸಂಬಳ, ಸಾದಿಲ್ವಾರು ಖರ್ಚು ಖಜಾನೆಯ ಮೂಲಕ ಆಗುತ್ತದೆ, ಅಭಿವೃದ್ಧಿ ಸಮಿತಿಯ ಹಣ ಬೇರೆ ಲೆಕ್ಕದಲ್ಲಿರುತ್ತದೆ. ಖಾಸಗಿ ಆಡಳಿತ ಮಂಡಳಿಗಳ ಕಾಲೇಜುಗಳು ತಮ್ಮ ಪರಿಶೋಧಕರ ಮೂಲಕ ಸಿದ್ಧ ತಂತ್ರಾಂಶದಲ್ಲಿ ಲೆಕ್ಕ ಇಡುತ್ತವೆ. ವಿಶ್ವವಿದ್ಯಾಲಯ ಇವೆರಡರಿಂದಲೂ ಶುಲ್ಕ ಪಡೆದು ತಾಳೆ ನೋಡಬೇಕು.

ಮಳೆಗಾಲವನ್ನೂ ತಾಂತ್ರಿಕ ಅಂಶವೆಂದೇ ಎಣಿಸಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ಬಿದ್ದು ಕರೆಂಟು ಹೋಗುವುದು, ನೆಟ್‌ವರ್ಕ್ ಕಡಿತವಾಗುವುದು ಕೊಡಗಿನಲ್ಲಿ ಸಾಮಾನ್ಯ. 2018ರ ಆಗಸ್ಟಿನ ಭೂಕುಸಿತದಲ್ಲಿ ಮಡಿಕೇರಿ, ಸೋಮವಾರಪೇಟೆ ತಾಲೂಕುಗಳ ಹಲವು ಊರುಗಳಿಗೆ ಸಂಪರ್ಕವೇ ಕಡಿದುಹೋಗಿತ್ತು. ಪ್ರವೇಶ ಶುಲ್ಕದ ಭರಾಟೆ ಇದೇ ತಿಂಗಳುಗಳಲ್ಲಿ ಬರುತ್ತದೆ. ಸದಾ ಜಾಲಸಂಪರ್ಕ ಬೇಡುವ ತಂತ್ರಾಂಶಕ್ಕೆ ಹೋಲಿಸಿದರೆ, ಕಚೇರಿಯ ಗಣಕದಲ್ಲೇ ಓಡಿ ಸಂಪರ್ಕ ಬಂದಾಗ ದತ್ತಾಂಶದ ಪ್ರತಿಯನ್ನು ಬೇರೆಡೆ ಉಳಿಸುವ ಏರ್ಪಾಡು ಇಲ್ಲಿಗೆ ಹೆಚ್ಚು ಸೂಕ್ತ.

ಇಂದಿನ ಸ್ಥಿತಿ

ಕೇಂದ್ರೀಯ ವಿಶ್ವವಿದ್ಯಾಲಯಗಳು ಈ ವಿಷಯದಲ್ಲಿ ಮುಂದಿವೆ. 2009ರ ಕಾಯ್ದೆಯಡಿ ಸ್ಥಾಪನೆಯಾದ ಕಲಬುರಗಿ ಜಿಲ್ಲೆ ಕಡಗಂಚಿಯ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ, ಕಾಸರಗೋಡು ಜಿಲ್ಲೆ ಪೆರಿಯದ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯಗಳಂಥವು ಕೇಂದ್ರ ಸಚಿವಾಲಯ ನಿಗದಿಪಡಿಸಿದ ಏಕರೂಪದ ಸಂಚಯ ನಮೂನೆಯಲ್ಲಿ ಲೆಕ್ಕ ಸಲ್ಲಿಸಬೇಕು. ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ತಂತ್ರಾಂಶಗಳು ಬೇರೆಬೇರೆಯಾಗಿಯೇ ಉಳಿದಿವೆ. ಯು.ಯು.ಸಿ.ಎಂ.ಎಸ್. ವಿದ್ಯಾರ್ಥಿಗಳ ಮಾಹಿತಿಯನ್ನು ಒಂದುಗೂಡಿಸಿದ್ದರೂ ಸಂಬಳದಿಂದ ದತ್ತಿನಿಧಿಯವರೆಗಿನ ಲೆಕ್ಕ ಅದರ ಹೊರಗಿದೆ.

2025ರ ಫೆಬ್ರುವರಿಯಲ್ಲಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅಧ್ಯಕ್ಷತೆಯ ಸಂಪುಟ ಉಪಸಮಿತಿ, ಆರ್ಥಿಕವಾಗಿ ನಡೆಸಲಾಗದೆಂಬ ಕಾರಣದಿಂದ, ಕೊಡಗು ಸೇರಿದಂತೆ ಹೊಸ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚುವ ಪ್ರಸ್ತಾಪವನ್ನು ಪರಿಗಣಿಸಿತು. 2022–23ರಲ್ಲಿ ಘೋಷಣೆಯಾದ ಏಳರ ಪೈಕಿ ಬೀದರ್ ಮಾತ್ರ ಅದರಿಂದ ಹೊರಗಿತ್ತು. ಪ್ರಸ್ತಾಪಕ್ಕೆ ಕೊಡಗಿನಲ್ಲಿ ವಿರೋಧ ವ್ಯಕ್ತವಾಯಿತು. ಸಂಸ್ಥೆಯ ಅಳಿವು–ಉಳಿವಿನ ಚರ್ಚೆ ವಿದ್ಯಾರ್ಥಿ ತಲಾ ವೆಚ್ಚದ ಮೇಲೆ ನಿಂತಾಗ ಆ ಅಂಕಿಯನ್ನು ತಾನೇ ತೆಗೆದುಕೊಡಬಲ್ಲ ಲೆಕ್ಕವ್ಯವಸ್ಥೆ ಇರುವ ವಿಶ್ವವಿದ್ಯಾಲಯಕ್ಕೆ ವಾದಿಸಲು ಆಧಾರವಿರುತ್ತದೆ.

ತೆರಿಗೆ ಕಾನೂನಿನಲ್ಲಿ ಹೊಸ ಬದಲಾವಣೆಯೂ ಆಗಿದೆ. 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ ತಂದ ಆದಾಯ ತೆರಿಗೆ ಕಾಯ್ದೆ, 2025ರ ಜಾರಿಗೆ 2026ರ ಏಪ್ರಿಲ್ 1 ಗೊತ್ತಾದ ದಿನ. ಮೂಲದಲ್ಲಿ ತೆರಿಗೆ ಮುರಿಯುವ ಕಲಮುಗಳ ಸಂಖ್ಯೆ ಅದರಲ್ಲಿ ಬದಲಾಗಿದ್ದು, ಹೊರಗಿನಿಂದ ನವೀಕರಣ ಸಿಗುವ ಸಿದ್ಧ ತಂತ್ರಾಂಶ ಬಳಸುವ ವಿಶ್ವವಿದ್ಯಾಲಯಗಳಿಗಿಂತ, ಸ್ಥಳೀಯವಾಗಿ ಬರೆಸಿಕೊಂಡ ತಂತ್ರಾಂಶ ಇಟ್ಟುಕೊಂಡ ಕಚೇರಿಗಳು ಇದಕ್ಕೆ ಹೆಚ್ಚು ಕೆಲಸ ಮಾಡಬೇಕಾಗುತ್ತದೆ.